ಹತ್ತು ನಿಮಿಷದ ಸಂಸಾರ, ಒಂದು ದಿನದ ಮೈಸೂರು

ಬಸ್ಸಿನಲ್ಲಿ ಗಂಡನ ಪಕ್ಕದ ಸೀಟೇ ಸಿಕ್ಕಿದ್ದು ನೀಲಾಂಬಿಕಾಳಿಗೆ ಒಂದು ವಿಶೇಷವೇ ಆಗಿತ್ತು. ಮದುವೆಯಾದ ಎರಡು ವರ್ಷದಲ್ಲಿ ಅವರಿಬ್ಬರೂ ಹೀಗೆ ಭುಜಕ್ಕೆ ಭುಜ ತಾಗಿಸಿ ಕುಳಿತದ್ದು ಮೂರನೆಯ ಸಲವೋ ನಾಲ್ಕನೆಯ ಸಲವೋ. ಅದರಲ್ಲಿ ಒಂದು ಸಲ ಮದುವೆಯ ಮಣೆಯ ಮೇಲೆ.

ಗಂಡನ ಹೆಸರು ಮುತ್ತಣ್ಣ. ಮೊದಲರ್ಧದಲ್ಲಿ ಪ್ರೇಮ, ಎರಡನೆಯರ್ಧದಲ್ಲಿ ಸೋದರ. ಹೆಂಡತಿಯಾದವಳು ಯಾವ ಕಡೆ ನಿಲ್ಲಬೇಕೆಂದು ತಿಳಿಯದ ಹೆಸರು. ಪುಣ್ಯಕ್ಕೆ ಕೊಪ್ಪಳದ ಕಡೆಯ ಅವಳ ಮನೆತನದಲ್ಲಿ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವ ಪದ್ಧತಿಯೇ ಇರಲಿಲ್ಲ. ಹಾಗಾಗಿ ಆ ಕಷ್ಟ ತಪ್ಪಿತ್ತು.

ಮುತ್ತಣ್ಣ ಬೊಮ್ಮಸಂದ್ರದಲ್ಲಿ ಬಾಟಲಿ ಮುಚ್ಚಳ ತಯಾರಿಸುವ ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗೆ ಪಾಳಿ. ನೀಲಾಂಬಿಕಾ ಗಾರ್ಮೆಂಟ್ಸಿನಲ್ಲಿ ಅಂಗಿಗೆ ಕಾಲರ್ ಹೊಲಿಯುತ್ತಿದ್ದಳು. ಓಟಿ ಸೇರಿದರೆ ಮನೆ ಮುಟ್ಟುವುದು ಸಂಜೆ ಏಳೂಕಾಲಿಗೆ. ಹೆಬ್ಬಗೋಡಿಯ ಅವರ ಬಾಡಿಗೆ ಕೋಣೆಯ ಬಾಗಿಲಲ್ಲಿ ಅವನು ಬರುವಾಗ ಅವಳು ಚಪ್ಪಲಿ ಮೆಟ್ಟುತ್ತಿದ್ದಳು, ಅವಳು ಬರುವಾಗ ಅವನು. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಕೋಣೆಗೆ ಇದ್ದದ್ದು ಒಂದೇ ಕೀಲಿಕೈ. ಅದು ಒಬ್ಬರ ಅಂಗೈಯಿಂದ ಇನ್ನೊಬ್ಬರ ಅಂಗೈಗೆ ದಾಟುವಾಗ ಮಾತೂ ದಾಟುತ್ತಿತ್ತು.

"ಹಾಲು ಕಾಸೀಯೇನು?"

"ಕಾಸೀನ್ರಿ. ಅನ್ನ ಡಬ್ಬ್ಯಾಗೈತಿ. ಗ್ಯಾಸ್ ಮುಗಿಯಾಕ ಬಂದೈತಿ."

"ಹ್ಞೂಂ."

ಇಷ್ಟೇ ಸಂಸಾರ. ಭಾನುವಾರ ಅವನು ಕುಂಭಕರ್ಣನ ಅಸಿಸ್ಟೆಂಟ್ ಡ್ಯೂಟಿಗೆ ಹೋಗುತ್ತಿದ್ದ. ಅವಳು ಬಟ್ಟೆ ಒಗೆಯುತ್ತಿದ್ದಳು. ಮನೆ ಓನರ್ ವೆಂಕಟಮ್ಮ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಿದ್ದಳು: "ಅಲ್ಲ ಕಣಮ್ಮಿ, ನೀವೇನು ಗಂಡ ಹೆಂಡ್ರೋ, ಬಸ್ ಸ್ಟಾಪೋ? ಒಬ್ರು ಬಂದೇಟ್ಗೆ ಇನ್ನೊಬ್ರು ಒಂಟೋಯ್ತೀರಿ!"

ನೀಲಾಂಬಿಕಾ ನಕ್ಕಿದ್ದಳು. ನಗು ಬಂದು ನಕ್ಕದ್ದಲ್ಲ. ನಗಬೇಕಾದ ಜಾಗ ಬಂತಲ್ಲ ಎಂದು ನಕ್ಕದ್ದು.

ಈಗ ಬಸ್ಸು ನೈಸ್ ರೋಡು ಹಿಡಿದು ಮೈಸೂರಿನ ಕಡೆ ತಿರುಗಿತ್ತು. ಗಣರಾಜ್ಯೋತ್ಸವದ ರಜೆ, ಶನಿವಾರ. ಮುಚ್ಚಳದ ಕಾರ್ಖಾನೆಗೆ ಇಪ್ಪತ್ತೈದು ತುಂಬಿದ ಖುಷಿಗೆ ಮಾಲೀಕರು ಎಲ್ಲರನ್ನೂ ಕುಟುಂಬ ಸಮೇತ ಒಂದು ದಿನದ ಟೂರಿಗೆ ಕಳಿಸಿದ್ದರು. ಶ್ರೀರಂಗಪಟ್ಟಣದ ದರಿಯಾ ದೌಲತ್, ಮೈಸೂರು ಅರಮನೆ, ಸಂಜೆಗೆ ಬೃಂದಾವನ. ಟೂರಿಗೆಂದು ಆ ದಿನ ಐದಕ್ಕೇ ಬಿಟ್ಟ ರಾತ್ರಿ ಪಾಳಿ ಮುಗಿಸಿ ನೇರ ಬಸ್ಸಿಗೇ ಬಂದಿದ್ದ ಮುತ್ತಣ್ಣ ಮಂಕಿ ಕ್ಯಾಪಿನಲ್ಲಿ ಮುಖ ಹುದುಗಿಸಿ ಕುಳಿತಿದ್ದ. ನೀಲಾಂಬಿಕಾ ಕಿಟಕಿಯ ಕಡೆ ಮುಖ ಮಾಡಿ, ಹೇಳಬೇಕಾದ ಒಂದೇ ವಾಕ್ಯವನ್ನು ಮತ್ತೆ ಮತ್ತೆ ಹೊಲಿಯುತ್ತಿದ್ದಳು, ಬಿಚ್ಚುತ್ತಿದ್ದಳು.

ಅವಳ ಗಾರ್ಮೆಂಟ್ಸಿನವರು ಹಾಸನದಲ್ಲಿ ಹೊಸ ಯೂನಿಟ್ ತೆರೆದಿದ್ದರು. ಹೊಸ ಹುಡುಗಿಯರಿಗೆ ಹೊಲಿಗೆ ಕಲಿಸಲು ಅನುಭವ ಇದ್ದವರು ಬೇಕು, ಹಾಸ್ಟೆಲ್ ಇದೆ, ಒಂದು ವರ್ಷಕ್ಕೆ, ಯಾರು ಬರ್ತೀರಿ ಎಂದು ಕೇಳಿದಾಗ ಅವಳ ಕೈ ತಾನಾಗಿ ಮೇಲೆ ಹೋಗಿತ್ತು. ಗುರುವಾರ ಸಹಿ ಹಾಕಿದ್ದಳು. ಸೋಮವಾರ ಬೆಳಿಗ್ಗೆ ವ್ಯಾನು. ಗಂಡನಿಗೆ ಇನ್ನೂ ಹೇಳಿರಲಿಲ್ಲ.

ಅವನು ಬೈದಾನೆಂಬ ಭಯವಿರಲಿಲ್ಲ. ಗ್ಯಾಸ್ ಮುಗಿಯಿತು ಎಂಬ ಮಾತಿನ ಹಿಂದೆಯೇ ಇದನ್ನೂ ಹೇಳಿದರೆ ಅವನು ಅದಕ್ಕೂ "ಹ್ಞೂಂ" ಅಂದಾನು, ಅಷ್ಟೆ. ಅವಳನ್ನು ಕಾಡುತ್ತಿದ್ದದ್ದು ಬೇರೆ. ಸಹಿ ಹಾಕುವಾಗ ಅವಳಿಗೆ ಏನೂ ಅನ್ನಿಸಿರಲಿಲ್ಲ. ಬಹಳ ಹೊತ್ತು ಮಡಚಿ ಕುಳಿತ ಕಾಲನ್ನು ಚಿವುಟಿದರೆ ಬೇರೆ ಯಾರದೋ ಕಾಲು ಚಿವುಟಿದ ಹಾಗಿರುತ್ತದಲ್ಲ, ಹಾಗೆ. ಇವತ್ತು ಸಂಜೆಯೊಳಗೆ ಹೇಳಿಬಿಡಬೇಕು. ಹೇಳಿದಾಗ ಎಲ್ಲಾದರೂ ನೊಂದರೆ ಸರಿ. ನೋಯದಿದ್ದರೆ ಒಂದು ವರ್ಷವೆಂದು ಹೋದವಳು ತಿರುಗಿ ಬರುವುದೇ ಬೇಡ.

ಬಿಡದಿ ದಾಟುತ್ತಲೇ ಸೂಪರ್‌ವೈಸರ್ ದೇವರಾಜ್ ಸೀಟಿ ಊದಿದ.

"ಮುತ್ತಣ್ಣಾ, ಎದ್ದೇಳು ಗುರು! ಓನರ್ ವಾಯ್ಸ್ ಮಾಡು, ಓನರ್ ವಾಯ್ಸು!"

"ನಿದ್ದಿ ಬರಾಕತ್ತೈತ್ರಿ ಸಾರ್..."

"ನಿದ್ದೆ ಮೈಸೂರಲ್ಲಿ ಮಾಡೋವಂತೆ, ಬಾರೋ!"

ಮುತ್ತಣ್ಣ ಕ್ಯಾಪು ಸರಿಮಾಡಿಕೊಂಡು ಡ್ರೈವರನ ಹಿಂದೆ ಹೋಗಿ ನಿಂತ. ನೀಲಾಂಬಿಕಾ ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಳು. ಮುಂದೆ ಕೇಳಿಸಿದ್ದು ಅವಳ ಗಂಡನ ದನಿಯೇ ಅಲ್ಲ. ಮೊದಲು ಮಾಲೀಕರು ಬಂದರು, ಮೂಗಿನಲ್ಲಿ: "ಮುಚ್ಚಳ ಅಂದ್ರೆ ಏನಪ್ಪಾ? ಮುಚ್ಚಳ ಅಂದ್ರೆ ಬಾಟ್ಳಿಗೆ ಮಾನ!" ಆಮೇಲೆ ನಾಲ್ಕನೇ ನಂಬರ್ ಮಷೀನು ಬಂತು: ಟಿಸ್ಸ್... ಡಬ್... ಟಿಸ್ಸ್... ಡಬ್... ಕರಕರಕರ... ಕೆಟ್ಟು ನಿಂತಿತು. ಅದನ್ನು ರಿಪೇರಿ ಮಾಡುವ ಮೆಕ್ಯಾನಿಕ್ ಚಿನ್ನಪ್ಪ ಕೆಮ್ಮುತ್ತ ಬಂದ. ಬಸ್ಸಿಗೆ ಬಸ್ಸೇ ನಕ್ಕು ಉರುಳಾಡಿತು. ನಿಜವಾದ ಚಿನ್ನಪ್ಪ ಕೂಡ ಕೆಮ್ಮುತ್ತಲೇ ನಕ್ಕ. ಯಾವುದು ಅಸಲು, ಯಾವುದು ನಕಲು ಎಂದು ತಿಳಿಯದಂತಾಯಿತು.

ಪಕ್ಕದ ಸಾಲಿನಿಂದ ದೇವರಾಜನ ಹೆಂಡತಿ ಯಮುನಾ ಕಣ್ಣೊರೆಸಿಕೊಳ್ಳುತ್ತ ಬಗ್ಗಿದಳು. "ಅಕ್ಕಾ, ನಿಮ್ಮನೇಲಿ ಟೀವೀನೇ ಬೇಡ ಅಲ್ವಾ? ದಿನಾ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗಿರ್ಬೇಕು!"

"ಹೌದ್ರಿ," ಎಂದಳು ನೀಲಾಂಬಿಕಾ.

ಅರವತ್ತು ಜನಕ್ಕೆ ಗೊತ್ತಿದ್ದ ಈ ಮನುಷ್ಯನ ಪರಿಚಯ ತನಗೂ ಯಾರಾದರೂ ಮಾಡಿಕೊಡಬಾರದೇ ಎನ್ನಿಸಿತು. ಅದೂ ನೋವಿನಿಂದಲ್ಲ. ಪಕ್ಕದ ಮನೆಯ ಮದುವೆ ಊಟದ ಪಟ್ಟಿ ಕೇಳಿಸಿಕೊಂಡ ಹಾಗೆ.

*

ದರಿಯಾ ದೌಲತ್ ತೋಟದಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಸುಲ್ತಾನರ ಬೇಸಿಗೆ ಅರಮನೆಯ ಗೋಡೆಯ ತುಂಬ ಯುದ್ಧದ ಚಿತ್ರ: ಕುದುರೆ, ಫಿರಂಗಿ, ಟೊಪ್ಪಿಗೆ, ಕತ್ತಿ. ನೀಲಾಂಬಿಕಾ ಒಬ್ಬ ಸೈನಿಕನ ಮುಂದೆ ನಿಂತಳು. ಅವನ ಕುತ್ತಿಗೆಗೆ ಕತ್ತಿ ಬಿದ್ದಿತ್ತು. ಮುಖದಲ್ಲಿ ಮಾತ್ರ ಏನೂ ಇರಲಿಲ್ಲ, ಬಸ್ಸಿಗೆ ಕಾಯುವವನ ಮುಖ. ಅವನೊಬ್ಬನೇ ತನಗೆ ಪರಿಚಯದವನಂತೆ ಕಂಡ.

"ಏನ್ ನೋಡಾಕತ್ತಿ?" ಮುತ್ತಣ್ಣ ಹಿಂದೆ ಬಂದು ನಿಂತಿದ್ದ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ.

"ಏನಿಲ್ರಿ."

"ಬಿಸಿಲು ಬಾಳ ಐತಿ."

"ಹ್ಞೂಂ."

ಗಡಿಯಾರ ನೋಡಿದರೆ ಬೆಳಗಿನ ಒಂಬತ್ತು. ಜನವರಿಯ ಎಳೆಬಿಸಿಲು. ಆದರೆ ಹಗಲನ್ನು ಕಂಡೇ ಅಭ್ಯಾಸವಿಲ್ಲದವನಿಗೆ ಅದೂ ಹೆಚ್ಚೇ.

*

ಅರಮನೆಯೊಳಗೆ ಕ್ಯಾಮೆರಾ ಫೋನು ಬಿಡುವುದಿಲ್ಲವೆಂದು ದೇವರಾಜ್ ಎಲ್ಲರ ಫೋನನ್ನೂ ಬಸ್ಸಿನಲ್ಲೇ ಇಡಿಸಿದ. ಚಪ್ಪಲಿ ಕೊಟ್ಟು ಟೋಕನ್ ಪಡೆದು ಎಲ್ಲರೂ ಬರಿಗಾಲಲ್ಲಿ ಒಳಗೆ ಹೋದರು. ನುಣುಪಾದ ತಣ್ಣನೆಯ ನೆಲ. ಕಲ್ಯಾಣ ಮಂಟಪದಲ್ಲಿ ಕಬ್ಬಿಣದ ಕಂಬಗಳ ಮೇಲೆ ಬಣ್ಣದ ಗಾಜಿನ ಛಾವಣಿ, ಅದರ ತುಂಬ ನವಿಲು. ಗೈಡ್ ಒಬ್ಬ ಮೂರು ಭಾಷೆಯನ್ನು ಒಂದೇ ಉಸಿರಿನಲ್ಲಿ ಕಲಸಿ ಬಡಿಸುತ್ತಿದ್ದ: "ದಿಸ್ ಈಸ್ ಮ್ಯಾರೇಜ್ ಹಾಲ್ ಸಾರ್, ಇದರ್ ರಾಜಾ ಕಾ ಶಾದಿ, ಮೇಲೆ ನೋಡಿಯಮ್ಮಾ ನವಿಲು, ಪಿಕಾಕ್, ಮೋರ್, ಮೋರ್ ಮೋರ್, ಮೂವ್ ಮೂವ್!"

ಎಲ್ಲರೂ ಮೇಲೆ ನೋಡಿದರು. ಕೆಂಪು, ಹಸಿರು, ನೀಲಿ ಬೆಳಕಿನ ಚೂರುಗಳು ಜನರ ತಲೆಯ ಮೇಲೆ ಉದುರಿದ್ದವು. ಆ ಬೆಳಕಿನಲ್ಲಿ ನೀಲಾಂಬಿಕಾಳಿಗೆ ಒಂದು ಮಾತು ಹೊಳೆಯಿತು.

"ಅಲ್ರೀ, ಇಷ್ಟ್ ದೊಡ್ಡ ಮನ್ಯಾಗ ರಾಜ ರಾಣಿ ಒಬ್ರಿಗೊಬ್ರು ಸಿಗ್ತಿದ್ರೇನು?"

ಮುತ್ತಣ್ಣ ಯೋಚಿಸಿದ. "ನಮ್ಮದು ಹತ್ತು ಬೈ ಹತ್ತು. ಅದರಾಗ ನಾವ ಸಿಗಂಗಿಲ್ಲ."

ಒಂದು ಗಳಿಗೆ ಅವನು ಅವಳನ್ನು ನೋಡಿದ. ಅವಳೂ ನೋಡಬೇಕೆಂದು ತಿರುಗಿದಳು. ಅಷ್ಟರಲ್ಲಿ ಅವನ ಕಣ್ಣು ನವಿಲಿಗೆ ಹಾರಿಹೋಗಿತ್ತು. ಈಗ ಹೇಳಿಬಿಡಲೇ ಎಂದುಕೊಂಡಳು. ಹಿಂದಿನಿಂದ ಯಾವುದೋ ಶಾಲೆಯ ಮಕ್ಕಳ ದಂಡು ನುಗ್ಗಿ ಬಂದು ಅವರಿಬ್ಬರನ್ನೂ ಮುಂದಿನ ಕೋಣೆಗೆ ತಳ್ಳಿತು.

ಹೊರಗೆ ಬಂದು ಚಪ್ಪಲಿ ಮೆಟ್ಟಿದ ಮೇಲೆ ಅವಳು ಶೌಚಾಲಯಕ್ಕೆ ಹೋಗಬೇಕಾಯಿತು. ಅಲ್ಲಿ ಎಲ್ಲಾದರೂ ಬಿದ್ದುಹೋದೀತೆಂದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕೋಣೆಯ ಕೀಲಿಕೈ ತೆಗೆದು ಅವನ ಅಂಗೈಯಲ್ಲಿಟ್ಟಳು.

"ಹಿಡೀರಿ."

ಮುತ್ತಣ್ಣ ಮುಷ್ಟಿ ಮುಚ್ಚಿದ. "ಹಾಲು ಕಾಸೀಯೇನು?"

"ಕಾಸೀನ್ರಿ. ಅನ್ನ ಡಬ್ಬ್ಯಾಗೈತಿ."

"ಹ್ಞೂಂ."

ಅವನು ಒಂದು ಕಡೆ ನಡೆದ. ಅವಳು ಇನ್ನೊಂದು ಕಡೆ ನಡೆದಳು.

ಇಬ್ಬರೂ ಹಿಂದೆ ನೋಡಲಿಲ್ಲ. ಯಾವತ್ತೂ ನೋಡಿದವರಲ್ಲ. ಸೆರಗು ಸಿಕ್ಕಿಸಿಕೊಂಡು, ಬಿರುಸಾಗಿ ಹೆಜ್ಜೆ ಹಾಕಿ, ಅರಮನೆಯ ಆನೆಗಳ ಪಕ್ಕದಿಂದ ಹಾದು, ಗೇಟು ದಾಟಿ, ರಸ್ತೆಯ ಅಂಚಿನಲ್ಲಿ ನಿಂತು ನೀಲಾಂಬಿಕಾ ಗಾರ್ಮೆಂಟ್ಸ್ ಬಸ್ಸಿಗಾಗಿ ಕತ್ತು ಉದ್ದ ಮಾಡಿದಳು. ಎದುರಿಗೆ ಒಂದು ಟಾಂಗಾ ಬಂತು. ಟಾಂಗಾದವನು "ಎಲ್ಲಿಗೆ ಬುಡ್ಲಿ ಅಕ್ಕೋ?" ಎಂದ.

ಅವಳು ಟಾಂಗಾ ನೋಡಿದಳು, ಕುದುರೆ ನೋಡಿದಳು, ತನ್ನ ಖಾಲಿ ಕೈ ನೋಡಿಕೊಂಡಳು. ಅವಳು ದಿನಾ ಬಸ್ಸಿಗೆ ಕಾಯುವ ಹೊಸೂರು ರೋಡಿನಲ್ಲಿ ಕುದುರೆ ಬರುವುದಿಲ್ಲ.

ತಿರುಗಿ ಓಡಿದಳು. ಚಪ್ಪಲಿ ಕೌಂಟರಿನ ಹತ್ತಿರ ಗಂಡನಿರಲಿಲ್ಲ. ನೀರಿನ ನಲ್ಲಿಯ ಹತ್ತಿರ, ನೆರಳಿನಲ್ಲಿ, ಐಸ್‌ಕ್ರೀಮಿನವನ ಹತ್ತಿರ, ಎಲ್ಲೂ ಇರಲಿಲ್ಲ. ಗುಂಪಿನವರೂ ಕಾಣಲಿಲ್ಲ. ಸಹಾಯ ಕೇಂದ್ರವೆಂಬ ಬೋರ್ಡಿನ ಕೆಳಗೆ ಮೈಕು ಇಟ್ಟುಕೊಂಡು ಕುಳಿತಿದ್ದ ಪೊಲೀಸಿನವರ ಮುಂದೆ ಹೋಗಿ ನಿಂತಳು.

"ಹೆಸರೇನಮ್ಮ?"

"ನೀಲಾಂಬಿಕಾ ರೀ."

"ನಿಂದಲ್ಲಮ್ಮ. ಕಳೆದೋಗಿರೋರ್ದು."

"ನಮ್ಮ ಮನಿಯವ್ರರಿ."

"ಮನಿಯವ್ರು ಅಂತ ಕೂಗಿದ್ರೆ ನಾನೂರು ಜನ ಬಂದ್ಬಿಡ್ತಾರೆ. ಹೆಸರು ಹೇಳು ತಾಯಿ."

ಅವಳು ಅವರ ಪೆನ್ನು ಕೇಳಿ ಪಡೆದು, ಚೀಟಿಯ ಮೇಲೆ ಬರೆದು ಕೊಟ್ಟಳು. ಅವರು ಓದಿ ತಲೆಯಾಡಿಸಿದರು.

"ಅಂಗಿ ಯಾವ ಬಣ್ಣ?"

ನೀಲಾಂಬಿಕಾ ಬಾಯಿ ತೆರೆದಳು. ಬಿಳಿಯೇ? ನೀಲಿಯೇ? ಚೌಕಳಿಯೇ? ಬೆಳಗಿನ ಐದೂವರೆಯಿಂದ ಆ ಅಂಗಿಯ ತೋಳು ಅವಳ ತೋಳಿಗೆ ತಾಗಿಕೊಂಡಿತ್ತು. ದಿನಕ್ಕೆ ನೂರಾರು ಅಂಗಿಯ ಕಾಲರ್ ಹೊಲಿಯುವವಳಿಗೆ ಗಂಡನ ಕಾಲರ್ ಬಣ್ಣ ನೆನಪಾಗಲಿಲ್ಲ.

"ಗೊತ್ತಿಲ್ರಿ."

"ಮೀಸೆ ಇದ್ಯಾ?"

"ಐತ್ರಿ," ಎಂದಳು, ಅದೊಂದನ್ನು ಗಟ್ಟಿಯಾಗಿ.

ಮೈಕು ಗೊರಗುಟ್ಟಿತು. "ಹೆಬ್ಬಗೋಡಿಯಿಂದ ಬಂದಿರುವ ಮುತ್ತಣ್ಣ, ಮೀಸೆ ಇದೆ, ಅಂಗಿ ಬಣ್ಣ ಗೊತ್ತಿಲ್ಲ, ಎಲ್ಲಿದ್ದರೂ ಸಹಾಯ ಕೇಂದ್ರಕ್ಕೆ ಬರಬೇಕು. ನಿಮ್ಮ ಹೆಂಡತಿ ಕಾಯ್ತಿದ್ದಾರೆ."

ಇಡೀ ಅರಮನೆಗೆ ಸುದ್ದಿ ಮುಟ್ಟಿತು. ಹೆಂಡತಿ ಕಾಯುತ್ತಿದ್ದಾಳೆ. ಅವಳಿಗೂ ಅದು ಹೊಸ ಸುದ್ದಿಯೇ.

ಮುಕ್ಕಾಲು ಗಂಟೆಯ ಮೇಲೆ ದೇವರಾಜ್ ಅವನನ್ನು ತೋಳು ಹಿಡಿದು ಎಳೆದುಕೊಂಡು ಬಂದ. ಹಿಂದೆ ಅರ್ಧ ಬಸ್ಸು, ಹೊಟ್ಟೆ ಹಿಡಿದುಕೊಂಡು.

"ನೋಡಮ್ಮ ನಿನ್ನ ಗಂಡನ್ನ! ಅರಮನೆ ನೋಡೋಕೆ ಬಂದೋನು ಬಸ್ಸಿನ ಲಾಸ್ಟ್ ಸೀಟಲ್ಲಿ ಕಾಲು ಚಾಚ್ಕೊಂಡು ಗೊರ್ ಅಂತಿದ್ದ. ಎಬ್ಬಿಸಿದ್ರೆ, ಹಾಲು ಕುಡ್ದೆ ಸಾರ್ ಅಂತಾನೆ!"

ಮುತ್ತಣ್ಣ ತಲೆ ತಗ್ಗಿಸಿ ನಿಂತಿದ್ದ. ಕೀಲಿಕೈ ಇನ್ನೂ ಮುಷ್ಟಿಯಲ್ಲೇ ಇತ್ತು. ಕ್ಯಾಪಿಲ್ಲದ ಮುಖ ನಡುಹಗಲಿನ ಬೆಳಕಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಪೊಲೀಸಿನವರು ಅವನನ್ನು ನೋಡಿದರು, ಚೀಟಿ ನೋಡಿದರು, ನೀಲಾಂಬಿಕಾಳನ್ನು ನೋಡಿದರು.

"ಇವರೇನಾ? ಮೀಸೆ ಎಲ್ಲಮ್ಮ?"

ಮೀಸೆ ಇರಲಿಲ್ಲ.

"ಯಾವಾಗ ತೆಗಿಸಿದ್ರಿ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಸಂಕ್ರಮಣಕ್ಕ," ಎಂದ ಅವನು. ಹನ್ನೆರಡು ದಿನದ ಹಿಂದೆ.

ಯಮುನಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ದೇವರಾಜ್ ಮುತ್ತಣ್ಣನ ಬೆನ್ನಿಗೊಂದು ಗುದ್ದಿದ. "ನೈಟ್ ಮಾಡೀ ಮಾಡೀ ಗೂಬೆ ಆಗೋಗಿದೀಯ ಮಗಾ. ಅದಕ್ಕೇ ದೀಪಾವಳಿಲೇ ಬಡ್ಕೊಂಡೆ, ಹಗಲು ಶಿಫ್ಟು ಖಾಲಿ ಇದೆ, ಬಾ ಅಂತ. ಕೈ ಮುಗ್ದು ಬೇಡ ಅಂದ ಕಣಮ್ಮ ಇವ್ನು!"

ಎಲ್ಲರೂ ನಗುತ್ತಲೇ ಬಸ್ಸಿನ ಕಡೆ ನಡೆದರು. ನೀಲಾಂಬಿಕಾ ಅಲ್ಲೇ ನಿಂತಿದ್ದಳು. ಎದೆಯ ಎಡಭಾಗದಲ್ಲಿ ಎಲ್ಲೋ ಒಂದು ಸಣ್ಣ ಮೊನೆ ಚುಚ್ಚಿತು. ಜೋಮು ಹಿಡಿದ ಕಾಲಿಗೆ ರಕ್ತ ಇಳಿಯುವಾಗ ಮೊದಲು ಸಿಗುವುದು ಸುಖವಲ್ಲ, ಸೂಜಿ.

*

ಬೃಂದಾವನದಲ್ಲಿ ಕಾರಂಜಿಗೆ ಇನ್ನೂ ಒಂದು ಗಂಟೆ ಇತ್ತು. ಜನವೆಲ್ಲ ಜಾಗ ಹಿಡಿಯಲು ಓಡುತ್ತಿದ್ದರು. ಅವರಿಬ್ಬರು ನೀರಿನ ಕಾಲುವೆಯ ಪಕ್ಕ, ಹೂವಿನ ಮಡಿಗಳ ನಡುವಿನ ಮೆಟ್ಟಿಲ ಮೇಲೆ ಕುಳಿತರು. ಒಂದು ಮೆಟ್ಟಿಲಿನ ಅಂತರ. ಮುತ್ತಣ್ಣನಿಗೆ ಇದು ಏಳುವ ಹೊತ್ತು, ಕಣ್ಣು ಅರಳಿದ್ದವು. ಅವಳಿಗೆ ಸುಸ್ತಾಗುವ ಹೊತ್ತು.

"ನಾ ಹಾಸನಕ್ಕ ಹೋಗಾಕತ್ತೀನ್ರಿ," ಎಂದಳು. ಹೊಲಿದು ಬಿಚ್ಚಿದ ವಾಕ್ಯ ಇಷ್ಟು ಗಿಡ್ಡವಾಗಿ ಉಳಿದಿತ್ತು. "ಒಂದು ವರ್ಷ. ಹೊಸ ಹುಡುಗ್ಯಾರಿಗೆ ಹೊಲಿಗಿ ಕಲಸಾಕ. ಸೋಮವಾರ ವ್ಯಾನು. ಹಾಸ್ಟೆಲ್ ಕೊಡ್ತಾರ."

ಅವನು "ಹ್ಞೂಂ" ಅನ್ನಲಿಲ್ಲ. ಕಾಲುವೆಯ ನೀರಿನ ಕಡೆ ತಿರುಗಿ ಕುಳಿತ.

"ನೀವು ಹಗಲು ಪಾಳಿ ಯಾಕ ಬ್ಯಾಡ ಅಂದ್ರಿ?"

"ನೀಲಾ..."

"ಯಾಕ ಬ್ಯಾಡ ಅಂದ್ರಿ ಹೇಳ್ರಿ."

"ಅಂಜಿಕಿ ಬಂತು."

"ಯಾರ ಅಂಜಿಕಿ?"

"ನಿನ್ನ ಅಂಜಿಕಿ." ಅವನು ಕೈ ಉಜ್ಜಿಕೊಂಡ. "ರಾತ್ರಿ ಎಂಟೂವರಿಗೆ ಮನಿಗೆ ಬಂದ್ರೂ, ಮಕ್ಕೊಳ್ಳೂತನಕ ಎರಡು ತಾಸು. ಹಾಲು, ಅನ್ನ, ಗ್ಯಾಸು ಮುಗದ ಮ್ಯಾಲ ನಿನ್ನ ಕೂಡ ಏನ್ ಮಾತಾಡ್ಲಿ? ಹತ್ತು ನಿಮಿಷಕ್ಕಾಗೂವಷ್ಟ ಐತಿ ನನ್ನ ಕಡೆ."

"ಬಸ್ಸಿನಾಗ ಅರವತ್ತು ಮಂದಿನ್ನ ನಗಿಸಿದ್ರಲ್ಲ?"

"ಅದು ಓನರ್ ದನಿ. ಚಿನ್ನಪ್ಪನ ದನಿ. ಅವು ಬೇಕಾದಷ್ಟು ಅದಾವು. ನಿನ್ನ ಮುಂದ ನನ್ನ ದನಿ ಬೇಕಲ್ಲ. ಅದು ಎಲ್ಲಿಟ್ಟೀನೋ ನನಗ ಗೊತ್ತಿಲ್ಲ."

ಅವಳಿಗೆ ಸಿಟ್ಟು ಬಂತು. ಎರಡು ವರ್ಷದಲ್ಲಿ ಮೊದಲ ಸಲ, ಕಿವಿಯವರೆಗೆ ಬಿಸಿಯಾಗಿ ಬಂತು. ಸುಂದರವಾದ ಸಿಟ್ಟು ಅದು, ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ಮೂರು ತಿಂಗಳು," ಎಂದಳು. "ಮೂರು ತಿಂಗಳು ಮುಚ್ಚಿಟ್ರಿ. ನಾ ಒಬ್ಬಾಕಿನ ಗ್ವಾಡಿ ನೋಡಕೋತ ಮಕ್ಕೊಂಡೀನಿ. ಮಾತು ಬರಲಿಲ್ಲಂದ್ರ ಸುಮ್ಮನ ಕುಂದ್ರಬೇಕಿತ್ತು. ನಾ ಏನ್ ಭಾಷಣ ಕೇಳಿದ್ನೇನು?"

"ಇಲ್ಲ."

"ಮತ್ತ?"

ಅವನು ಒಂದು ಮೆಟ್ಟಿಲು ಕೆಳಗಿಳಿದು ಅವಳ ಸಮಕ್ಕೆ ಬಂದ. ನೀರನ್ನೇ ನೋಡುತ್ತ ನಿಧಾನವಾಗಿ ಮಾತಾಡಿದ. ಪ್ರತಿ ಮಾತನ್ನೂ ಬೇರೆ ಯಾರದೂ ಅಲ್ಲವಷ್ಟೆ ಎಂದು ಪರೀಕ್ಷಿಸಿ ಹೊರಗೆ ಬಿಡುವವನ ಹಾಗೆ.

"ಮುಂಜಾನೆ ನೀ ಎದ್ದ ಜಾಗ ಬೆಚ್ಚಗ ಇರ್ತೈತಿ. ಕೌದಿ ಒಳಗ. ನೀ ಹೋದಕೂಡ್ಲೆ ನಾ ಅಲ್ಲೇ ಮಕ್ಕೋತೀನಿ. ನನ್ನ ಜಾಗ ಆಕಡೆ ಐತಿ, ಆದ್ರ ಅಲ್ಲಿ ಮಕ್ಕೊಳ್ಳಂಗಿಲ್ಲ. ಈ ಚಳ್ಯಾಗ ಅದು ಬ್ಯಾಗ ಆರ್ತೈತಿ. ಕಾಲು ತೊಳದು ಬರೂದ್ರಾಗ ಆರಿಬಿಡ್ತೈತಿ. ಅದಕ್ಕ ಒಂದೊಂದು ದಿನ ಕಾಲು ತೊಳಿಯಂಗ ಇಲ್ಲ."

ಹಾಸಿಗೆಯ ತುದಿಯಲ್ಲಿ ಮಣ್ಣು ಕಂಡಾಗಲೆಲ್ಲ ಕೋಣೆಯ ಗೋಡೆಗೆ ಬೈಯುತ್ತಿದ್ದಳು ನೀಲಾಂಬಿಕಾ. ಎಂಥ ಗಲೀಜು ಮನುಷ್ಯ, ಎಂದು. ಗೋಡೆ ಅದನ್ನು ಇವನಿಗೆ ಮುಟ್ಟಿಸಿರಲಿಲ್ಲ.

ಕಣ್ಣು ಉರಿಯಿತು. ಅವಳು ಅದನ್ನು ಉರಿಯಲು ಬಿಟ್ಟಳು. ನೊಂದರೆ ಸರಿ ಎಂದುಕೊಂಡು ಹೊರಟಿದ್ದಳಲ್ಲ, ನೋಯುತ್ತಿತ್ತು, ಬೇಕಾದಷ್ಟು.

"ಹೋಗಬ್ಯಾಡ ಅನ್ರಿ ನೋಡೋಣ," ಎಂದಳು.

ಅವನು ತಲೆಯಾಡಿಸಿದ. "ಅನ್ನಂಗಿಲ್ಲ. ನೀ ಮಾಸ್ತರ ಆಗಾಕತ್ತಿ. ಯಾಕ ಬ್ಯಾಡ ಅನ್ಲಿ? ಸೋಮವಾರ ನಾನೂ ದೇವರಾಜ್ ಸಾರ್‌ನ ಕೇಳ್ತೀನಿ. ಹಗಲು ಪಾಳಿ ಕೊಡ್ರಿ ಅಂತ."

"ನಾ ಇರೂದಿಲ್ಲಲ್ಲ. ಈಗ್ಯಾಕ?"

"ಶನಿವಾರ ರಾತ್ರಿ ಹಾಸನ ಬಸ್ ಹಿಡೀಬೇಕಂದ್ರ ರಾತ್ರಿ ಪಾಳ್ಯಾಗ ಆಗಂಗಿಲ್ಲ."

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೆಬ್ಬಗೋಡಿಯಲ್ಲಿ ಒಂದೇ ಸೂರಿನಡಿ ಇದ್ದು ವಾರಕ್ಕೆ ಸಿಗುತ್ತಿದ್ದದ್ದು ಎರಡು ಗಂಟೆ. ನೂರಾ ಎಂಬತ್ತು ಕಿಲೋಮೀಟರ್ ದೂರ ಹೋದರೆ ಒಂದಿಡೀ ಭಾನುವಾರ. ಈ ಲೆಕ್ಕ ಯಾವ ಮೇಷ್ಟರಿಗೆ ತೋರಿಸಿದರೂ ತಪ್ಪು ಎನ್ನುತ್ತಿದ್ದರು.

ಹೊತ್ತು ಮುಳುಗಿತ್ತು. ದೂರದಲ್ಲಿ ದೇವರಾಜ್ ಸೀಟಿ ಊದಿ ಎಲ್ಲರನ್ನೂ ಕಾರಂಜಿಯ ಕಡೆ ಕರೆಯುತ್ತಿದ್ದ. ಇಬ್ಬರೂ ಏಳಲಿಲ್ಲ. ಅಣೆಕಟ್ಟಿನ ಕಡೆಯಿಂದ ತಣ್ಣನೆಯ ಗಾಳಿ ಬೀಸಿತು. ಅವಳ ತೋಳಿನ ಮೇಲೆ ರೋಮ ಎದ್ದು ನಿಂತವು.

"ಹಾಸನದಾಗ ಇದಕ್ಕಿಂತ ಚಳಿ ಅಂತ," ಎಂದಳು.

"ಹೌದೇನು?"

"ಹಾಸ್ಟೆಲ್ ಒಳಗ ಗಂಡಸರನ್ನ ಬಿಡಂಗಿಲ್ಲ. ಹೊರಗ ಬೆಂಚಿನ ಮ್ಯಾಲ ಕುಂದ್ರಬೇಕು, ದಿನ ಪೂರ್ತಿ."

"ಕುಂದ್ರೋಣ."

"ಬರುವಾಗ ಒಂದು ಸ್ವೆಟರ್ ತರ್ರಿ."

"ನಿನಗೇನು?"

"ನನ್ನ ಕಡೆ ಐತಿ," ಎಂದು ನೀಲಾಂಬಿಕಾ ಮೂಗೊರೆಸಿಕೊಂಡಳು. "ನಿಮಗ."